ರೈಲು ನಿಲ್ದಾಣದ ನಂತರದ ಪುಟ

ಹೊಸಪೇಟೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ. ಪಿಯುಸಿ ಗೈಡುಗಳು, ಐಟಿಐ ಪುಸ್ತಕಗಳು, ಪೊಲೀಸ್ ಪೇದೆ ಪರೀಕ್ಷೆಯ ಪ್ರಶ್ನೋತ್ತರ, ಬೆನ್ನು ಕಿತ್ತ ನಿಘಂಟು, ತೆಲುಗು ವಾರಪತ್ರಿಕೆಗಳ ಕಟ್ಟು. ಅದರ ಕೆಳಗೆ, ಯಾವುದೋ ವಾಚನಾಲಯದ ಮುದ್ರೆ ಹೊತ್ತ ಕನ್ನಡ ಕಾದಂಬರಿಗಳು. ಇಷ್ಟನ್ನು ಸರಿಸಿ ನೋಡಲು ಅರ್ಧ ಗಂಟೆ ಸಾಕು. ನಾನು ಮಾತ್ರ ಎರಡು ಗಂಟೆ ನಿಲ್ಲುತ್ತಿದ್ದೆ. ನನಗೆ ಬೇಕಾದದ್ದು ರಾಶಿಯ ತಳದಲ್ಲಿರುತ್ತಿತ್ತು. ಬಹಳ ಸಲ ಅಲ್ಲೂ ಇರುತ್ತಿರಲಿಲ್ಲ.

ನಾನು ಹುಡುಕುತ್ತಿದ್ದದ್ದು ಫ್ರೆಂಚ್ ಕಾದಂಬರಿಗಳನ್ನು. ಜಿಲ್ಲಾ ವರದಿಗಾರ್ತಿಯೊಬ್ಬಳಿಗೆ ಈ ಚಟ ಹೇಗೆ ಹತ್ತಿತು ಎಂಬುದಕ್ಕೆ ದೊಡ್ಡ ಕಾರಣವಿಲ್ಲ. ನಾನು ಪದವಿ ಓದುವಾಗ ನಮ್ಮ ಮನೆ ಕಮಲಾಪುರದಲ್ಲಿತ್ತು. ಪ್ರತಿ ಚಳಿಗಾಲ ಹಂಪಿಯ ಹಾಳು ಕಟ್ಟಡಗಳ ಅಳತೆ ತೆಗೆಯಲು ಹೊರದೇಶದ ತಂಡವೊಂದು ಬರುತ್ತಿತ್ತು. ನಕ್ಷೆಗಳ ಮೇಲೆ ಅಂಕಿ ಬರೆಯುವ ಕೆಲಸ ನನಗೆ ಸಿಕ್ಕಿತು. ನಕ್ಷೆ ಬಿಡಿಸುತ್ತಿದ್ದ ಫ್ರೆಂಚ್ ಹೆಂಗಸು ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಮಲಗಿದಾಗ ತಾವು ಮಲಗದೆ ನನಗೆ ತಮ್ಮ ಭಾಷೆ ಕಲಿಸಿದರು. ನಾಲ್ಕು ಚಳಿಗಾಲ. ಕೊನೆಗೆ ಹೋಗುವಾಗ ತಮ್ಮ ನಿಘಂಟನ್ನು ಕೊಟ್ಟು ಹೋದರು. ಮಾತಾಡಲು ಆ ಮೇಲೆ ಯಾರೂ ಸಿಗಲಿಲ್ಲ. ಓದುವುದೊಂದು ಉಳಿಯಿತು. ಓದಲು ಪುಸ್ತಕ ಬೇಕು.

ಹೊಸಪೇಟೆಗೆ ಫ್ರೆಂಚ್ ಕಾದಂಬರಿ ಬರುವುದು ಒಂದೇ ದಾರಿಯಲ್ಲಿ. ಪ್ರವಾಸಿ ತನ್ನ ಚೀಲದಲ್ಲಿ ಹಂಪಿಗೆ ತರುತ್ತಾನೆ. ಓದಿ ಮುಗಿಸಿ ಗೆಸ್ಟ್ ಹೌಸಿನ ಕಪಾಟಿಗೆ ಹಾಕುತ್ತಾನೆ. ಎರಡು ಇಟ್ಟರೆ ಒಂದು ಒಯ್ಯಬಹುದು ಎಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಕಪಾಟು ಯಾವಾಗಲೂ ತುಂಬುತ್ತಲೇ ಹೋಗುತ್ತದೆ. ಮುಂಗಾರಿಗೆ ಮುಂಚೆ, ಸೀಸನ್ ಮುಗಿದು ಕೋಣೆಗಳಿಗೆ ಸುಣ್ಣ ಹೊಡೆಯುವಾಗ, ಹೆಚ್ಚಾದದ್ದು ಗುಜರಿ ಆಟೋ ಹತ್ತಿ ಹೊಸಪೇಟೆಗೆ ಬರುತ್ತದೆ. ಆದ್ದರಿಂದ ನನಗೆ ಪುಸ್ತಕದ ಹಬ್ಬವೆಂದರೆ ಮೇ ತಿಂಗಳು. ಬಿಸಿಲಿಗೆ ಊರು ಬೆಂದು ಕೂತಾಗ ನಾನು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸೆರಗು ಸಿಕ್ಕಿಸಿಕೊಂಡು ರಾಶಿ ಕೆದರುತ್ತಿದ್ದೆ.

ಬಂದ ಪುಸ್ತಕಗಳಲ್ಲಿ ಬಹಳಷ್ಟು ಅರ್ಧ. ಬೆನ್ನ ಮೇಲೆ ಮನೆ ಹೊತ್ತು ತಿರುಗುವವರು ದಪ್ಪ ಪುಸ್ತಕವನ್ನು ನಡುವೆ ಹರಿದು ಎರಡು ಮಾಡಿಕೊಳ್ಳುತ್ತಾರೆ. ಭಾರ ಕಡಿಮೆಯಾಗುತ್ತದೆ. ಇಬ್ಬರು ಜೊತೆಗಿದ್ದರೆ ಒಬ್ಬರು ಮೊದಲರ್ಧ ಓದುವಾಗ ಇನ್ನೊಬ್ಬರು ಹಿಂದಿನ ಪುಸ್ತಕದ ಎರಡನೇ ಅರ್ಧ ಮುಗಿಸುತ್ತಾರೆ. ಓದಿದ ಅರ್ಧವನ್ನು ಓದಿದ ಊರಲ್ಲೇ ಬಿಡುತ್ತಾರೆ. ಮೊದಲರ್ಧ ಹಂಪಿಯಲ್ಲಿ ಉಳಿದರೆ ಕೊನೆಯರ್ಧ ಗೋವೆಯಲ್ಲೋ ಗೋಕರ್ಣದಲ್ಲೋ ಎಲ್ಲೋ.

ಈ ಅರ್ಧಗಳು ಒಬ್ಬರ ಅಂಗಡಿಯಲ್ಲಿ ಮಾತ್ರ ಪೂರ್ತಿ ಆಗುತ್ತಿದ್ದವು. ಅವರು ಹಳೆ ಪುಸ್ತಕ ಮಾರುತ್ತಿದ್ದರು, ಅದಕ್ಕಿಂತ ಮೊದಲು ಅವರು ಬೈಂಡರ್. ವಕೀಲರ ಕಾನೂನು ಪುಸ್ತಕ, ಮಠಗಳ ಪುರಾಣ, ಕಾಲೇಜು ಹುಡುಗಿಯರ ಪ್ರಾಜೆಕ್ಟು ಎಲ್ಲಕ್ಕೂ ಅವರ ಕೈಯದೇ ಮೆರೂನ್ ರೆಕ್ಸಿನ್ ಹೊದಿಕೆ. ಅರ್ಧ ಪುಸ್ತಕವನ್ನು ಅಂಗಡಿಯಲ್ಲಿ ಇಡಬಾರದು ಎಂದು ಅವರ ತಂದೆ ಹೇಳಿದ್ದರಂತೆ. ಮುಕ್ಕಾದ ವಿಗ್ರಹವನ್ನು ಮನೆಯಲ್ಲಿ ಇಡಬಾರದು ಎನ್ನುತ್ತಾರಲ್ಲ, ಹಾಗೆ. ಅದಕ್ಕೇ ಅವರು ಅರ್ಧ ಸಿಕ್ಕಾಗೆಲ್ಲ ಅದರ ಜೋಡಿಯನ್ನು ಹುಡುಕಿ ಹೊಲಿದುಬಿಡುತ್ತಿದ್ದರು.

“ತಲಿ ಇಲ್ಲದ್ದು, ಬಾಲ ಇಲ್ಲದ್ದು ನನ್ನ ಅಂಗಡ್ಯಾಗ ಸಿಗಂಗಿಲ್ಲ ಮೇಡಂ. ನೋಡ್ರಿ ಬೇಕಾದ್ರ” ಎನ್ನುತ್ತಿದ್ದರು.

ನೋಡಿದರೆ ನಿಜವೇ. ಗಟ್ಟಿ ಹೊಲಿಗೆ, ನಾಲ್ಕೂ ಅಂಚು ಸಮನಾಗಿ ಕತ್ತರಿಸಿದ್ದು, ಕೈಗೆ ಹಿತವಾದ ತೂಕ. ಪತ್ರಿಕಾ ಕಚೇರಿಯ ನನ್ನ ಮೇಜಿನ ಮೇಲೆ ಅವರ ಪುಸ್ತಕ ಇಟ್ಟರೆ ಅದು ವರದಿಗಾರ್ತಿಯ ಮೇಜಿನಂತೆ ಕಾಣದೆ ನ್ಯಾಯಾಧೀಶರ ಮೇಜಿನಂತೆ ಕಾಣುತ್ತಿತ್ತು.

ಒಂದು ವರ್ಷ ಮೇ ತಿಂಗಳಲ್ಲಿ ಅವರಿಂದ ಕೊಂಡ ಒಂದು ಕಾದಂಬರಿಯ ಕಥೆ ಇದು. ಮುಖಪುಟವಿರಲಿಲ್ಲ. ಕಥೆಗೆ ಮುಂಚಿನ ಕೆಲವು ಹಾಳೆಗಳೂ ಇರಲಿಲ್ಲ. ಹೆಸರು, ಬರೆದವರು ಯಾರು ಎಂಬುದು ಗೊತ್ತಿಲ್ಲ. ಪುಟಗಳ ಮೇಲೆ ಅಚ್ಚಾಗಿದ್ದಿರಬಹುದಾದ ಹೆಸರಿನ ಸಾಲು ಅಂಚು ಕತ್ತರಿಸುವಾಗ ಹೋಗಿತ್ತು. ಕಥೆ ಮಾತ್ರ ಮೊದಲ ಪುಟದಿಂದಲೇ ಚೆನ್ನಾಗಿ ಹಿಡಿಯಿತು. ನಾನು ಅದನ್ನು ಮುಂದೆ ಓದದೆ ತೆಗೆದಿಟ್ಟೆ. ಅದು ಕಂಪ್ಲಿಗೆ ಹೋಗಬೇಕಿತ್ತು.

ಕಂಪ್ಲಿಯಲ್ಲಿ ನನ್ನ ಅತ್ತೆ ಇದ್ದರು. ಮೈದುನನ ಕುಟುಂಬದ ಜೊತೆ, ಅಕ್ಕಿ ಮಿಲ್ಲಿನ ಹಿಂದಿನ ಮನೆಯಲ್ಲಿ. ಮನೆ ತುಂಬ ಜನ, ಮಿಲ್ಲಿನ ಸದ್ದು, ಹೊಟ್ಟಿನ ದೂಳು. ಅಷ್ಟರ ನಡುವೆಯೂ ಅವರು ಜೀವಮಾನವಿಡೀ ಓದಿದವರು. ಮದುವೆಯಾಗಿ ಬಂದ ಹೊಸದರಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಯಿಂದ ತರಿಸಿ, ಹಿರಿಯರಿಗೆ ಕಾಣದಂತೆ ಅಕ್ಕಿ ಆರಿಸುವ ಮೊರದ ಕೆಳಗೆ ಇಟ್ಟುಕೊಂಡು ಓದುತ್ತಿದ್ದರಂತೆ. ಮುಂದೆ ಹಿರಿಯರು ಹೋದರು, ಮೊರ ಬೇಕಾಗಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮನುಷ್ಯರು ಕಾಣುತ್ತಿದ್ದರು, ಬಾಗಿಲು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಮತ್ತೆ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದರು.

ನನಗೂ ಅತ್ತೆಗೂ ಜಗಳವಿರಲಿಲ್ಲ. ಮಾತೂ ಇರಲಿಲ್ಲ. ಊಟ ಆಯಿತೇ, ಬಸ್ಸು ಸಿಕ್ಕಿತೇ, ಇಷ್ಟರಲ್ಲಿ ಮುಗಿಯುತ್ತಿತ್ತು. ನನ್ನ ಕೆಲಸದ ಬಗ್ಗೆ ಅವರು ಕೇಳುತ್ತಿರಲಿಲ್ಲ, ಅವರ ಓದಿನ ಬಗ್ಗೆ ನಾನು ಕೇಳಿರಲಿಲ್ಲ. ಕಣ್ಣು ಹೋದ ಮೇಲೆ ಒಂದು ಶನಿವಾರ, ನನ್ನ ರಜೆಯ ದಿನ, ಹೋಗಿ ಒಂದು ಕನ್ನಡ ಕಾದಂಬರಿ ಓದಿ ಹೇಳಲು ಕುಳಿತೆ. ಎರಡು ಪುಟವಾಗುವುದರೊಳಗೆ ಕೈ ಎತ್ತಿದರು.

“ಮುಂದ ಆಕಿ ಗಂಡ ಬರ್ತಾನ. ಮಳಿಯಾಗ ತೊಯ್ಸಿಕೊಂಡು. ಇದನ್ನ ಓದೀನಿ.”

ಎರಡನೆಯದು ತೆಗೆದೆ. ಅದನ್ನೂ ಓದಿದ್ದರು. ಮೂರನೆಯದರ ಹೆಸರು ಹೇಳುತ್ತಿದ್ದಂತೆ, “ಅದರಾಗ ಎಲ್ಲಾರೂ ಸಾಯ್ತಾರ, ಬ್ಯಾಡ” ಎಂದರು. ಆಮೇಲೆ, “ನಿನ್ನ ಚೀಲದಾಗ ಯಾವಾಗ್ಲೂ ಒಂದು ಪರದೇಶದ ಪುಸ್ತಕ ಇರ್ತೈತಂತಲ್ಲ. ಏನೈತಿ ಅದರಾಗ? ಅದನ್ನ ಹೇಳು” ಎಂದರು.

ಹಾಗೆ ಶುರುವಾಯಿತು. ಬೆಳಿಗ್ಗೆ ಒಗ್ಗರಣೆ ಮಂಡಾಳು, ಮಿರ್ಚಿ ತಿಂದು ಬಸ್ಸು ಹತ್ತುತ್ತಿದ್ದೆ. ಬುಕ್ಕಸಾಗರದ ಗದ್ದೆಗಳು ಬರುವಾಗ ಆ ದಿನ ಓದಬೇಕಾದ ಪುಟಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದೆ. ನಿಘಂಟು ಬಸ್ಸಿನಲ್ಲೇ ಮುಗಿಯಬೇಕು, ಅತ್ತೆಯ ಮುಂದೆ ತಡವರಿಸಬಾರದು. ಅವರು ಮಂಚದ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ ಕೂರುವರು. ನಾನು ಒಂದೊಂದು ವಾಕ್ಯವನ್ನು ಕಣ್ಣಲ್ಲಿ ಓದಿ ಕನ್ನಡದಲ್ಲಿ ಹೇಳುವೆನು. ಸುದ್ದಿ ಬರೆದು ಬೆಳೆದ ನನ್ನ ಕನ್ನಡಕ್ಕೆ ‘ಎನ್ನಲಾಗಿದೆ’ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಮೊದಲ ವಾರವೇ ಅತ್ತೆ ಆಕ್ಷೇಪಿಸಿದರು.

“ಏನದು, ಆಕಿ ಅತ್ತಳು ಎನ್ನಲಾಗಿದೆ? ಅತ್ಲೋ ಇಲ್ಲೋ?”

“ಅತ್ಲು ಅತ್ತೀ.”

“ಹಂಗ ಹೇಳು.”

ಮೇ ತಿಂಗಳ ಆ ಕಾದಂಬರಿಯಲ್ಲಿ ಒಬ್ಬ ಹೆಂಗಸು. ಚಿಕ್ಕ ಊರೊಂದರಲ್ಲಿ ಬ್ರೆಡ್ ಅಂಗಡಿ ನಡೆಸುತ್ತಾಳೆ. ಗಂಡ ಹಡಗಿನ ಕೆಲಸಕ್ಕೆ ಹೋದವನು ಬಂದಿಲ್ಲ. ಬೆಳಗಿನ ಜಾವ ಎದ್ದು ಒಬ್ಬಳೇ ಹಿಟ್ಟು ನಾದುತ್ತಾಳೆ. ವರ್ಷಗಳು ಕಳೆದು ಅವಳಿಗೆ ಆ ಒಂಟಿತನ ರೂಢಿಯಾಗಿದೆ, ಇಷ್ಟವೂ ಆಗಿದೆ. ಆಗ ಒಬ್ಬ ನಾವಿಕ ಬಂದು, ನಿನ್ನ ಗಂಡ ಬದುಕಿದ್ದಾನೆ, ಇಂಥ ದಿನದ ರೈಲಿಗೆ ಬರುತ್ತಾನೆ ಎಂದು ಹೇಳುತ್ತಾನೆ. ಆ ದಿನ ಅವಳು ಅಂಗಡಿ ಮುಚ್ಚಿ ಕೀಲಿಯನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಸಣ್ಣ ಚೀಲ ಹಿಡಿದು ನಿಲ್ದಾಣಕ್ಕೆ ಹೋಗುತ್ತಾಳೆ.

“ಕೀಲಿ ಆಕಿ ಕೈಯಾಗ ಕೊಟ್ಳಾ?” ಅತ್ತೆ ಎದ್ದು ಕುಳಿತರು. “ಹುಚ್ಚಿ! ಆಕಿ ಕಣ್ಣು ಮೊದಲಿಂದ ಆ ಅಂಗಡಿ ಮ್ಯಾಲೈತಿ. ಒಲಿ ಆರ್ಸಿದ್ಲೋ ಇಲ್ಲೋ?”

“ಪುಸ್ತಕದಾಗ ಹೇಳಿಲ್ಲ ಅತ್ತೀ.”

“ಹೇಳಬೇಕಾಗಿತ್ತು.”

ನಿಲ್ದಾಣದಲ್ಲಿ ಎರಡು ರೈಲು. ಒಂದು ಬರುವುದು, ಗಂಡ ಇರಬಹುದಾದ್ದು. ಇನ್ನೊಂದು ಎದುರಿನ ಪ್ಲಾಟ್‌ಫಾರ್ಮಿನಿಂದ ಸಮುದ್ರದ ಕಡೆ ಹೊರಡುವುದು. ಅವಳು ಎರಡು ಪ್ಲಾಟ್‌ಫಾರ್ಮುಗಳ ನಡುವಿನ ಮೇಲ್ಸೇತುವೆಯ ಮೆಟ್ಟಿಲ ಬಳಿ ನಿಲ್ಲುತ್ತಾಳೆ. ಬರುವ ರೈಲಿಗೆ ಕಾಯುತ್ತಾಳೋ, ಹೋಗುವ ರೈಲು ಹತ್ತುತ್ತಾಳೋ? ಗಂಟೆ ಬಾರಿಸುತ್ತದೆ. ಪುಟ ಮುಗಿಯುತ್ತದೆ.

ಆ ಶನಿವಾರ ಅಲ್ಲಿಗೆ ನಿಲ್ಲಿಸಿ ಎದ್ದೆ, ಕೊನೆಯ ಬಸ್ಸಿಗೆ. ಅತ್ತೆ ಅಂಗಳದ ತನಕ ಬಂದರು. ಅವರು ಹಾಗೆ ಬಂದದ್ದು ಅದೇ ಮೊದಲು. “ಒಂದೇ ಒಂದು ಪುಟ ಓದಿ ಹೋಗಬಾರದಾ” ಎಂದರು. ಅವರ ದನಿ ಮೊರದ ಕೆಳಗಿನ ಕಾದಂಬರಿಯ ಕಾಲದ್ದಾಗಿತ್ತು. ನಾನು ನಕ್ಕು, ಮುಂದಿನ ವಾರ ಎಂದೆ.

ಮುಂದಿನ ವಾರದ ಪುಟದಲ್ಲಿ ಹಿಮ ಬೀಳುತ್ತಿತ್ತು. ಬೆಟ್ಟದ ಮೇಲೊಂದು ಮನೆ. ಇಬ್ಬರು ಅಣ್ಣತಮ್ಮಂದಿರು, ಪರಸ್ಪರ ಮಾತು ಬಿಟ್ಟವರು, ಒಂದೇ ಒಲೆಯ ಮುಂದೆ ಕೂತಿದ್ದಾರೆ. ಅವರ ನಡುವೆ ಒಂದು ನಾಯಿ. ಏನಾದರೂ ಹೇಳಬೇಕಿದ್ದರೆ ಇಬ್ಬರೂ ನಾಯಿಗೆ ಹೇಳುತ್ತಾರೆ.

“ಇವರ್ಯಾರು?” ಎಂದರು ಅತ್ತೆ.

“ಗೊತ್ತಿಲ್ಲ. ಈಗಿನ ಕಾದಂಬರಿಯವರು ಹಿಂಗ ಮಾಡ್ತಾರ. ಒಂದು ಕತಿ ಬಿಟ್ಟು ಇನ್ನೊಂದು ಹಿಡಿದು, ಆಮ್ಯಾಲೆ ಕೂಡಿಸ್ತಾರ.”

“ಹಂಗಂತೀಯಾ. ಕೂಡ್ತಾವ ತಗಾ. ಇಬ್ಬರೊಳಗ ಒಬ್ಬಾಂವ ಆಕಿ ಗಂಡ ಇರಬೇಕು.”

ಎರಡು ಶನಿವಾರ ನಾವು ಹಾಗೆಯೇ ಕಾದೆವು. ಹಿಮ ಹೆಚ್ಚಿತು. ನಾಯಿಗೆ ವಯಸ್ಸಾಗಿತ್ತು. ಹಡಗಿನ ಸುದ್ದಿ ಇಲ್ಲ, ಬ್ರೆಡ್ಡಿನ ಸುದ್ದಿ ಇಲ್ಲ. “ಒಬ್ಬನರ ಸಮುದ್ರದ ಮಾತಾಡಬಾರದಾ” ಎಂದು ಅತ್ತೆ ಒಮ್ಮೆ ಬೇಸರಪಟ್ಟುಕೊಂಡರು. ಎರಡನೇ ಶನಿವಾರ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು, ನಿಲ್ದಾಣದ ಪುಟವನ್ನೂ ಹಿಮದ ಪುಟವನ್ನೂ ಎದುರುಬದುರು ನೋಡಿದೆ. ಅಕ್ಷರದ ಗಾತ್ರ ಕೂದಲೆಳೆಯಷ್ಟು ಬೇರೆ. ಒಂದು ಕಾಗದ ಕೆನೆಬಣ್ಣ, ಇನ್ನೊಂದು ಬೂದು. ಇದು ಎರಡು ಕಾದಂಬರಿ.

ಸೋಮವಾರ ಬೈಂಡರ್ ಮುಂದೆ ಪುಸ್ತಕ ಬಿಚ್ಚಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಹೊಲಿಗೆ ಎಳೆದು ನೋಡಿದರು, ಗಟ್ಟಿಯಿತ್ತು. ತೃಪ್ತಿಯಿಂದ ನನ್ನತ್ತ ನೋಡಿದರು.

“ಏನಾಗೈತ್ರಿ ಇದಕ್ಕ?”

“ಇದು ಎರಡು ಬ್ಯಾರೆ ಬ್ಯಾರೆ ಪುಸ್ತಕ ರೀ. ಇಲ್ಲಿ ತನಕ ಒಂದು ಕತಿ, ಇಲ್ಲಿಂದ ಇನ್ನೊಂದು.”

“ಹೆಂಗಾಗ್ತೈತ್ರಿ?” ಅವರಿಗೆ ನಿಜವಾಗಿಯೂ ನೋವಾಯಿತು. ಪುಟದ ಕೆಳಗೆ ಬೆರಳಿಟ್ಟರು. “ಇಲ್ಲಿ ನೋಡ್ರಿ, ಒಂದುನೂರಾ ಎಂಬತ್ತೆಂಟು. ಇಲ್ಲಿ ನೋಡ್ರಿ, ಒಂದುನೂರಾ ಎಂಬತ್ತೊಂಬತ್ತು. ನಂಬರ್ ಕೂಡ್ಯಾವಲ್ಲ!”

ಆಗ ಅವರ ಕೆಲಸದ ರೀತಿ ನನಗೆ ತಿಳಿಯಿತು. ಅವರಿಗೆ ಫ್ರೆಂಚ್ ಬಾರದು, ಜರ್ಮನ್ ಬಾರದು, ಅಂಕಿ ಬರುತ್ತದೆ. ಅರ್ಧಗಳನ್ನು ಒಂದೇ ಅಳತೆಯವು ಎಂದು ವಿಂಗಡಿಸಿ, ಒಂದು ಎಲ್ಲಿ ಮುಗಿಯುತ್ತದೋ ಅದರ ಮುಂದಿನ ಅಂಕಿಯಿಂದ ಶುರುವಾಗುವ ಇನ್ನೊಂದನ್ನು ಹುಡುಕಿ ಹೊಲಿಯುತ್ತಿದ್ದರು. ಎಷ್ಟೋ ಸಲ ಅದು ಸರಿಯೇ ಆಗಿರುತ್ತಿತ್ತು. ಇಬ್ಬರು ಪ್ರವಾಸಿಗಳು ಒಂದೇ ಕಡೆ ಎರಡು ದಪ್ಪ ಪುಸ್ತಕ ಹರಿದು, ಎರಡರ ಮೊದಲರ್ಧವೂ ಒಂದೇ ಅಂಕಿಗೆ ಮುಗಿದರೆ ಮಾತ್ರ ಹೀಗೆ.

“ಹಂಗಂದ್ರ ಇದೇ ನಂಬರಿನ ಜೋಡಿ ಇನ್ನೊಂದಿತ್ತಾ?” ಎಂದು ಕೇಳಿದೆ.

“ಇತ್ತಲ್ಲ! ಅವತ್ತು ಎರಡು ತಲಿ, ಎರಡು ಬಾಲ ಬಂದಿದ್ವು. ಭಾಳ ಖುಷಿ ಆಗಿತ್ತು ನನಗ. ಯಾವ ತಲಿಗೆ ಯಾವ ಬಾಲ ಹಾಕಿದ್ರೂ ನಡೀತಿತ್ತು.” ಅವರು ಅಲ್ಲಿಗೆ ನಿಂತರು. ತಾವು ಹೇಳಿದ್ದು ಅವರಿಗೇ ಕೇಳಿಸಿತು. “ಯಪ್ಪಾ,” ಎಂದರು, “ಅದಕ್ಕ ಇದರ ಬಾಲ ಹಾಕೀನೇನ್ರಿ?”

ಅಂದರೆ ನನಗೆ ಬೇಕಾದ ಅರ್ಧ ಇನ್ನೊಂದು ಮೆರೂನ್ ಪುಸ್ತಕದ ಹಿಂಭಾಗದಲ್ಲಿದೆ. ಅಣ್ಣತಮ್ಮಂದಿರಿಂದ ಶುರುವಾಗಿ ಆ ಹೆಂಗಸಿನಲ್ಲಿ ಮುಗಿಯುವ ಪುಸ್ತಕ. ಅದನ್ನು ಎಲ್ಲಿಗೆ ಕೊಟ್ಟರೆಂದು ಅವರಿಗೆ ಖಚಿತವಿರಲಿಲ್ಲ. ಬೈಂಡಾದ ಪರಭಾಷೆಯ ಪುಸ್ತಕಗಳನ್ನು ಅವರು ಎರಡು ಕಡೆ ಕಳಿಸುತ್ತಿದ್ದರು. ಒಂದಿಷ್ಟು ಸಂಡೂರಿನ ಹಳೆ ಪುಸ್ತಕದವನಿಗೆ, ಒಂದಿಷ್ಟು ಮರಳಿ ಹಂಪಿಯ ಗೆಸ್ಟ್ ಹೌಸಿಗೆ.

ಆ ಶನಿವಾರ ಕಂಪ್ಲಿಗೆ ಹೋಗಿ ಅತ್ತೆಗೆ ನಡೆದದ್ದನ್ನು ಹೇಳಿದೆ. ಅತ್ತೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ಹಂಗಾದ್ರ ಆಕಿ?”

“ಹುಡುಕ್ತೀನಿ. ಅಲ್ಲಿ ತನಕ ಬ್ಯಾರೇದು ಓದೋಣು.” ಚೀಲದಿಂದ ಇನ್ನೊಂದು ಪುಸ್ತಕ ತೆಗೆದೆ.

“ಬ್ಯಾಡ.”

“ಇದೂ ಚಲೋ ಐತಿ ಅತ್ತೀ.”

“ಇರ್ಲಿ. ಎಲಿ ಮ್ಯಾಲಿನ ಅನ್ನ ಉಣ್ಣದ ಮತ್ತೊಂದು ಎಲಿ ಹಾಕಿಸಿಕೊಳ್ಳಾಂಗಿಲ್ಲ ನಾನು. ಮೊದಲು ಆಕೀದು ತಂದು ಮುಗಸು.”

ಅಷ್ಟೇ. ಆಮೇಲೆ ಊಟ ಆಯಿತೇ ಎಂದರು, ಬಸ್ಸು ಎಷ್ಟೊತ್ತಿಗೆ ಎಂದರು. ನಾನು ಮಧ್ಯಾಹ್ನದ ಬಸ್ಸಿಗೇ ಎದ್ದು ಬಂದೆ. ಮುಂದಿನ ಶನಿವಾರವೂ ಹಾಗೇ. ಮಂಚದ ಮೇಲೆ ಅವರು, ಕುರ್ಚಿಯ ಮೇಲೆ ನಾನು, ಹೊರಗೆ ಮಿಲ್ಲಿನ ಸದ್ದು. ಆ ಓದಿಗೆ ಮುಂಚೆ ನಾವು ವರ್ಷಗಟ್ಟಲೆ ಹಾಗೆಯೇ ಕೂತಿದ್ದೆವು, ಆಗ ಏನೂ ಅನ್ನಿಸಿರಲಿಲ್ಲ. ಈಗ ಕೂರಲು ಆಗುತ್ತಿರಲಿಲ್ಲ.

“ನೀನೇ ಒಂದು ಕೊನಿ ಹೇಳಿಬಿಡು,” ಎಂದರು ನಮ್ಮ ಮನೆಯವರು, ಹೊಸಪೇಟೆಯಲ್ಲಿ ಊಟದ ಹೊತ್ತಿಗೆ. “ರೈಲು ಹತ್ತಿದ್ಲು ಅನ್ನು, ಇಲ್ಲಾ ಗಂಡ ಬಂದ ಅನ್ನು. ಯಾರು ಹೋಗಿ ನೋಡ್ತಾರ ಫ್ರಾನ್ಸಿನಾಗ?”

ನಿಜ, ಯಾರೂ ನೋಡುತ್ತಿರಲಿಲ್ಲ. ಆದರೆ ಅಷ್ಟು ವರ್ಷ ಸುದ್ದಿಮನೆಯಲ್ಲಿ ನಾನು ಕಲಿತದ್ದು ಒಂದೇ, ಕಾಣದ್ದನ್ನು ಕಂಡೆ ಎಂದು ಬರೆಯಬಾರದು. ಅದೂ ಅಲ್ಲದೆ ಅತ್ತೆ ಕೇಳುತ್ತಿದ್ದದ್ದು ನನ್ನ ಕೊನೆಯನ್ನಲ್ಲ. ಆ ಹೆಂಗಸಿನದನ್ನು. ಕಣ್ಣಿಲ್ಲದವರಿಗೆ ಪುಟದಲ್ಲಿಲ್ಲದ್ದನ್ನು ಓದಿ ಹೇಳುವುದು ನನ್ನಿಂದಾಗದ ಕೆಲಸ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬ್ರೆಡ್ ಅಂಗಡಿ, ನಾವಿಕ, ರೈಲು ನಿಲ್ದಾಣ ಎಂದು ಹಾಕಿದರೆ ಫ್ರಾನ್ಸ್ ಪ್ರವಾಸದ ಜಾಹೀರಾತುಗಳು ಬಂದವು, ವಾರಗಟ್ಟಲೆ ಬರುತ್ತಲೇ ಇದ್ದವು.

ಸಂಡೂರಿಗೆ ಗಣಿ ಲಾರಿಗಳ ಸುದ್ದಿಗೆಂದು ಹೋದಾಗ ಅಲ್ಲಿನ ಅಂಗಡಿಗೆ ಹೋದೆ. ದರ್ಜಿಯ ಅಂಗಡಿಗೆ ಅಂಟಿಕೊಂಡ ಅರ್ಧ ಮಳಿಗೆ, ಪುಸ್ತಕಗಳ ಮೇಲೆಲ್ಲ ಅದಿರಿನ ಕೆಂಪು ದೂಳು. ಅಲ್ಲಿ ಪರಭಾಷೆಯ ಕಾದಂಬರಿಗಳಿದ್ದವು, ಒಂದು ಸಾಲು ಪೂರ್ತಿ. ಎಲ್ಲ ಚೀನೀ. ಅದಿರಿನ ವ್ಯಾಪಾರ ಜೋರಾಗಿದ್ದಾಗ ಬಂದುಹೋದ ಚೀನೀಯರು ಲಾಡ್ಜಿನಲ್ಲಿ ಬಿಟ್ಟದ್ದು.

“ಒಯ್ರಿ ಮೇಡಂ, ಮಸ್ತ್ ಅದಾವ” ಎಂದ ಅಂಗಡಿಯವನು.

“ಓದ್ತಾರೇನ್ರಿ ಯಾರರ?”

“ಓದೋದು ಬಿಡ್ರಿ, ಜೋಡಸಾಕ ಬರವಲ್ದು. ಯಾವುದು ಉಲ್ಟಾ ಯಾವುದು ಸೀದಾ ಅಂತ ತಿಳಿಯಂಗಿಲ್ಲ. ಒಂದಿನ ಹಿಂಗಿಡ್ತೀನಿ, ಒಂದಿನ ಹಂಗಿಡ್ತೀನಿ.”

ಮೆರೂನ್ ಪುಸ್ತಕ ಅಲ್ಲಿರಲಿಲ್ಲ.

ಉಳಿದದ್ದು ಹಂಪಿ. ಗೆಸ್ಟ್ ಹೌಸಿನ ಯಜಮಾನಿ ನನಗೆ ಗೊತ್ತಿದ್ದವರೇ. ಬಾಳೆತೋಟಕ್ಕೆ ಮುಖ ಮಾಡಿದ ಜಗಲಿ, ಅಲ್ಲಿ ಕಪಾಟು. ಓದಲು ಬಾರದ ಪುಸ್ತಕಗಳನ್ನು ಅವರು ಬಿಟ್ಟುಹೋದವರ ದೇಶದ ಪ್ರಕಾರ ಜೋಡಿಸಿದ್ದರು. ಮೇಲಿನ ಸಾಲು ಜರ್ಮನಿ, ನಡುವೆ ರಷ್ಯಾ ಮತ್ತು ಫ್ರಾನ್ಸ್, ಕೆಳಗೆ ಇಸ್ರೇಲ್. “ಇಸ್ರೇಲಿಂದು ಹಿಂದಿಂದ ಶುರು ಆಗ್ತಾವ್ರಿ,” ಎಂದು ತೋರಿಸಿದರು. “ಮೊದಲಿಗೆ ತಿಳೀದ ಎಲ್ಲಾನೂ ತಲಿಕೆಳಗ ಇಟ್ಟಿದ್ದೆ. ಒಬ್ಬಾಕಿ ಹುಡುಗಿ ನೋಡಿ ಭಾಳ ನಕ್ಕಳು.”

ಮೆರೂನ್ ರೆಕ್ಸಿನ್ ಎನ್ನುತ್ತಲೇ ಅವರಿಗೆ ನೆನಪಾಯಿತು.

“ಇತ್ರಿ. ಪುರಾಣದ ಪುಸ್ತಕದಂಗ ಇತ್ತು. ಮೊನ್ನೆ ಒಬ್ಬಾಂವ ಒಯ್ದ. ಇಲ್ಲೇ ಈ ಜಗಲಿ ಮ್ಯಾಲೆ ಕುಂತು ಎರಡು ದಿನ ಓದಿದ. ನಡುವ ಒಮ್ಮೆ ಎದ್ದು, ಪುಸ್ತಕ ಹಿಂದ ಮುಂದ ತಿರುವಿ ನೋಡಿ, ನನ್ನ ನೋಡಿ, ಮತ್ತ ಕುಂತ. ಮುಗೀಲಿಲ್ಲ ಕಾಣಿಸ್ತೈತಿ, ಎರಡು ಇಟ್ಟು ಅದನ್ನ ಒಯ್ದ.”

“ಎಲ್ಲಿಗೆ ಹೋದ?”

“ಗೋಕರ್ಣಕ್ಕ ಅಂತ ಬಸ್ ಹತ್ತಿದ. ಅಲ್ಲಿಂದ ಎಲ್ಲಿಗೋ.” ನನ್ನ ಮುಖ ನೋಡಿ, “ಭಾಳ ಬೇಕಾಗಿತ್ತೇನ್ರಿ? ಕುಂದ್ರಿ, ಚಾ ಮಾಡ್ತೀನಿ” ಎಂದರು.

ಚಹಾ ಕುಡಿದೆ. ಅವನು ಬಿಟ್ಟುಹೋದ ಎರಡೂ ಪುಸ್ತಕ ನೋಡಿದೆ. ಒಂದು ಯೋಗದ್ದು, ಇನ್ನೊಂದು ಹಕ್ಕಿಗಳದ್ದು. ಬಾಳೆತೋಟದಲ್ಲಿ ನೀರು ಹಾಯಿಸುತ್ತಿದ್ದರು. ಎಲ್ಲೋ ಒಂದು ಸ್ಲೀಪರ್ ಬಸ್ಸಿನಲ್ಲಿ ಒಬ್ಬ ಅಪರಿಚಿತ ಈಗ ಆ ಹೆಂಗಸು ಏನು ಮಾಡಿದಳೆಂದು ಓದುತ್ತಿರಬಹುದು. ಅವಳು ಯಾರು, ನಿಲ್ದಾಣಕ್ಕೆ ಯಾಕೆ ಬಂದಳು ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಈಗ ಆ ಕಪಾಟುಗಳು ಹೆಚ್ಚು ಉಳಿದಿಲ್ಲ. ನದಿಯಾಚೆಯ ಗೆಸ್ಟ್ ಹೌಸುಗಳು ತೆರವಾದವು. ಬರುವವರು ಫೋನಿನಲ್ಲಿ ಓದುತ್ತಾರೆ, ಅದನ್ನು ನಡುವೆ ಹರಿಯಲಾಗದು. ಬೈಂಡರ್ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮೇ ತಿಂಗಳಲ್ಲಿ ನಾನು ಆ ಗಲ್ಲಿಗೆ ಈಗಲೂ ಹೋಗುತ್ತೇನೆ, ಪೊಲೀಸ್ ಪರೀಕ್ಷೆಯ ಪ್ರಶ್ನೋತ್ತರ ಸರಿಸಿ ತಳ ನೋಡಿ ಬರುತ್ತೇನೆ. ಅತ್ತೆ ತೀರಿಹೋಗಿ ಮೂರು ವರ್ಷವಾಯಿತು. ಆದರೆ ಆ ಶನಿವಾರದ ಮಾತು ಹೇಳಿ ಮುಗಿಸಬೇಕು.

ಹಂಪಿಯಿಂದ ಬಂದ ಮರು ಶನಿವಾರ ಅದು. ಸಂಡೂರಿನಲ್ಲಿ ಇರಲಿಲ್ಲ, ಹಂಪಿಯಲ್ಲಿತ್ತು, ಒಬ್ಬ ಒಯ್ದ, ಇನ್ನು ಸಿಗುವುದಿಲ್ಲ. ವರದಿ ಒಪ್ಪಿಸಿದಂತೆ ಒಪ್ಪಿಸಿದೆ. ಅತ್ತೆ ಪೂರ್ತಿ ಕೇಳಿದರು.

“ಓದಿದವ ಎರಡು ದಿನ ಕುಂತಿದ್ನಂತಾ?”

“ಹೌದತ್ತೀ.”

“ಚಲೋ ಇರಬೇಕು ಹಂಗಾದ್ರ.” ನನ್ನ ಕಡೆ ತಿರುಗಿ, “ನೀ ಏನರ ಒಂದು ಹೇಳಿ ಮುಗಸ್ತಿ ಅಂದ್ಕೊಂಡಿದ್ದೆ. ನನ್ನ ಮಗ ಹೇಳಿರಬೇಕು ನಿನಗ, ಸುಳ್ಳು ಹೇಳು ಅಂತ.”

“ಹೇಳಿದ್ರು.”

“ಗೊತ್ತು ನನಗ. ಸಣ್ಣಾಂವಿದ್ದಾಗ ಪುಸ್ತಕದ ಕೊನಿ ಹಾಳಿ ಹರಿದು ಗಾಳಿಪಟ ಮಾಡಿದ. ಕೇಳಿದ್ರ, ಎಲ್ಲಾರೂ ಸುಖವಾಗಿದ್ರು ಅಂತಿತ್ತವ್ವಾ ಅಂದ.” ಅವರು ನಕ್ಕರು. ಕಾಲು ಮಡಚಿ ಕುಳಿತರು. “ಪುಸ್ತಕ ತಂದೀಯೇನು?”

“ಬ್ಯಾರೇದು ತಂದೀನಿ.”

“ಬ್ಯಾರೇದಲ್ಲ. ಅದೇ. ಹಿಂದಿನ ಅರ್ಧ ಐತಲ್ಲ, ಅಣ್ಣತಮ್ಮರದು. ಅದಕ್ಕ ಕೊನಿ ಐತಿಲ್ಲೋ?”

“ಕೊನಿ ಐತಿ. ಮೊದಲು ಇಲ್ಲ. ಅವರು ಮಾತು ಯಾಕ ಬಿಟ್ಟರಂತನೇ ಗೊತ್ತಿಲ್ಲ.”

“ಮೊದಲು ನಾ ಹೇಳ್ತೀನಿ.”

ಆ ಮೆರೂನ್ ಪುಸ್ತಕವೂ ಚೀಲದ ತಳದಲ್ಲೇ ಇತ್ತು, ತೆಗೆದೆ.

“ಅಣ್ಣತಮ್ಮರು ಮಾತು ಬಿಡೋದು ನಿಮ್ಮ ಫ್ರಾನ್ಸಿನಾಗ ಬ್ಯಾರೆ, ಕಂಪ್ಲ್ಯಾಗ ಬ್ಯಾರೆ ಇರ್ತೈತೇನು? ಕುಂದ್ರು. ಅವರಪ್ಪ ಸತ್ತಾಗ ಒಂದು ಮಿಲ್ಲಿತ್ತು...”

“ಬೆಟ್ಟದ ಮ್ಯಾಲೆ ಮಿಲ್ಲು ಇರಲ್ಲತ್ತೀ.”

“ಕುರಿ ಇರಲಿ ಹಂಗಾದ್ರ. ಕುರಿ ಇದ್ವು. ಸಣ್ಣಾಂವ ಹೇಳದ ಕೇಳದ ಒಂದಿಷ್ಟು ಮಾರಿದ. ದೊಡ್ಡಾಂವ ಸಂತಿ ತುಂಬ ಓಡಿಸಿಕೊಂಡು ಹೋಗಿ ಎಲ್ಲಾರ ಮುಂದ ಕಪಾಳಕ್ಕ ಹೊಡೆದ. ಮುಂದೇನೈತಿ? ಮನಿ ಒಂದೇ, ಒಲಿ ಒಂದೇ. ನಾಯಿ ಯಾರದಂದ್ರ, ಅವರವ್ವಂದು.”

ಅರ್ಧ ಗಂಟೆ ಹೇಳಿದರು. ಹಿಮ ಎಂದರೆ ಏನೆಂದು ನಡುವೆ ಒಮ್ಮೆ ಕೇಳಿ ತಿಳಿದುಕೊಂಡು, ಹೊಡೆದಾಟದ ದಿನಕ್ಕೆ ಒಂದಿಷ್ಟು ಹಿಮವನ್ನೂ ಸುರಿಸಿದರು. ನಾನು ಮಧ್ಯೆ ತಿದ್ದಲಿಲ್ಲ. ಆಮೇಲೆ, “ಹೂಂ, ಇನ್ನ ನೀ ಓದು, ಬಿಟ್ಟಲ್ಲಿಂದ” ಎಂದರು.

ಓದಿದೆ. ಅಣ್ಣ ಎದ್ದು ಕಟ್ಟಿಗೆ ತರಲು ಹೋಗುತ್ತಾನೆ. ಅವನು ಕುಂಟುತ್ತಾನೆ, ಹುಟ್ಟಿನಿಂದಲೇ ಒಂದು ಕಾಲು ಸಣ್ಣದು ಎಂದಿತ್ತು. ಓದಿ ನಿಲ್ಲಿಸಿದೆ. ಅತ್ತೆಯ ಕಥೆಯಲ್ಲಿ ಅಣ್ಣ ತಮ್ಮನನ್ನು ಸಂತೆಯ ತುಂಬ ಅಟ್ಟಾಡಿಸಿ ಹೊಡೆದಿದ್ದ.

“ಕುಂಟ್ತಾನಾ?”

“ಹೌದತ್ತೀ. ಹುಟ್ಟಿನಿಂದ.”

ಅತ್ತೆ ಗೋಡೆಗೆ ಒರಗಿದರು. ಯೋಚಿಸಿದರು. ಹೊರಗೆ ಮಿಲ್ಲು ನಿಂತಿತು, ಕರೆಂಟು ಹೋಗಿತ್ತು.

“ಹಂಗಾದ್ರ,” ಎಂದರು, “ಓಡಿಸಿಕೊಂಡು ಹೋಗಿಲ್ಲ. ಸಣ್ಣಾಂವನೇ ನಿಂತು ಹೊಡಿಸಿಕೊಂಡಾನ. ತಡಿ, ಸಂತಿಯಿಂದ ಮತ್ತ ಹೇಳ್ತೀನಿ. ನಿನ್ನ ಬಸ್ಸು ಎಷ್ಟೊತ್ತಿಗೈತಿ?”

“ಇನ್ನಾ ಐತಿ, ಹೇಳ್ರಿ” ಎಂದೆ.